ಳ ತಪ್ಪಿದರೆ ನಗು, ಹೆಸರು ತಪ್ಪಿದರೆ ಅಲೆದಾಟ

ಮದುವೆ ಕಾಗದ ಅಚ್ಚಾಗಿ ಬಂದಿರುತ್ತದೆ. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮೇಲ್ಗಡೆ ಅರಬಿಯಲ್ಲಿ ಬಿಸ್ಮಿ, ಒಳಗೆ ನಿಕಾಹ್‌ನ ಹೊತ್ತು, ಹಾಲ್‌ನ ಹೆಸರು, ಎರಡೂ ಕಡೆಯ ಹಿರಿಯರ ಹೆಸರು. ಅದರ ಕೆಳಗೆ 'ಮದ್ಯಾಹ್ನದ ಭೋಜನಕ್ಕೆ' ಎಂದು ಒಂದು ಸಾಲು. ಧ ಇರಬೇಕಾದಲ್ಲಿ ದ ಕೂತಿದೆ. ಮಧ್ಯ ಅಂದರೆ ನಡು, ಮದ್ಯ ಅಂದರೆ ಸಾರಾಯಿ. ಅಕ್ಷರದ ಹೊಟ್ಟೆ ಸೀಳುವ ಒಂದು ಸಣ್ಣ ಗೆರೆ ಬಿಟ್ಟುಹೋದದ್ದಕ್ಕೆ ಹಲಾಲ್ ಊಟದ ಮನೆಗೆ ಎಂತೆಂಥದೋ ಬಂದ ಹಾಗಾಯಿತು.

ಅರ್ಧ ಗಂಟೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಅದಕ್ಕೆ ಕೆಂಪು ವೃತ್ತ ಎಳೆದು ಹಾಕುತ್ತಾರೆ. ಅದರ ಕೆಳಗೆ ನಗುವ ಮುಖಗಳ ಸಾಲು. 'ಪ್ರೂಫ್ ನೋಡಿದ್ದು ಯಾರು ಮಾರಾಯ್ರೆ?' ಎಂದು ಒಬ್ಬರು, 'ಪ್ರೆಸ್ಸಿನವನದ್ದೇ ತಪ್ಪು' ಎಂದು ಇನ್ನೊಬ್ಬರು. ಹುಡುಗಿಯ ತಂದೆಗೆ ಮಾತ್ರ ಆ ದಿನ ನಿದ್ರೆ ಇಲ್ಲ. ಅಷ್ಟು ಖರ್ಚು ಮಾಡಿ, ಬಂದರಿನಿಂದ ಹಿಡಿದು ಬಿ.ಸಿ.ರೋಡಿನವರೆಗೆ ಮನೆಮನೆಗೆ ಹೋಗಿ ಹಂಚಿದ ಕಾಗದವನ್ನು ಜನ ನೆನಪಿಡುವುದು ಈಗ ಒಂದು ಅಕ್ಷರಕ್ಕಾಗಿ.

ಇಂಥ ತಪ್ಪು ಕಣ್ಣಿಗೆ ಚುಚ್ಚುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಈದ್ ಬಂತೆಂದರೆ ಸಾಕು, ಜಂಕ್ಷನ್ ಜಂಕ್ಷನ್‌ನಲ್ಲಿ ಫ್ಲೆಕ್ಸ್ ಏಳುತ್ತದೆ: 'ಹಾರ್ಧಿಕ ಶುಭಾಷಯಗಳು'. ಎರಡು ಪದ, ಎರಡು ತಪ್ಪು. ಹೃದಯದಿಂದ ಬಂದದ್ದು ಹಾರ್ದಿಕ, ಅಲ್ಲಿ ಸಾದಾ ದ ಸಾಕು. ಶುಭ ಮತ್ತು ಆಶಯ ಸೇರಿದರೆ ಶುಭಾಶಯ. ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಷ ಓಡಿ ಬರುತ್ತದೆ. ಉದ್ಘಾಟನೆ ಉಧ್ಘಾಟನೆಯಾಗುತ್ತದೆ, ಅಧ್ಯಕ್ಷರು ಅದ್ಯಕ್ಷರಾಗುತ್ತಾರೆ, ಕೃಷ್ಣಾಪುರ ಕ್ರಷ್ಣಾಪುರವಾಗುತ್ತದೆ. ಜಾತಿ ಮತ್ತು ಅತೀತ ಸೇರಿದರೆ ಜಾತ್ಯತೀತ ಆಗಬೇಕು. ದಿನಾ ಭಾಷಣ ಮಾಡುವವರೂ ಜಾತ್ಯಾತೀತ ಎಂದೇ ಎಳೆಯುತ್ತಾರೆ. ಆಗಸ್ಟ್ 15ರ ಬ್ಯಾನರಿನಲ್ಲಿ ಸ್ವಾತಂತ್ರ್ಯಕ್ಕೆ ಒಮ್ಮೆ ಯ ಒತ್ತು ಬಿಟ್ಟುಹೋಗುತ್ತದೆ, ಒಮ್ಮೆ ರ ಒತ್ತು ಹೋಗಿ ಸ್ವಾತಂತ್ಯ ಉಳಿಯುತ್ತದೆ.

ಆದರೆ ಒಂದು ಮಾತು. ಇವು ಬ್ಯಾರಿಗಳ ತಪ್ಪುಗಳಲ್ಲ. ಬೆಂಗಳೂರಿನ ಫ್ಲೆಕ್ಸಿನಲ್ಲೂ ಇವೇ ಉಂಟು, ಬೀದರಿನ ಫ್ಲೆಕ್ಸಿನಲ್ಲೂ ಇವೇ ಉಂಟು. ಕನ್ನಡದ ಮನೆಮಾತಿನಲ್ಲಿ ಮಹಾಪ್ರಾಣ ಹೆಚ್ಚಾಗಿ ಕೇಳಿಸುವುದೇ ಇಲ್ಲ. ಕೈ, ಕಾಲು, ಮನೆ, ಗದ್ದೆ, ದನ, ಗಾಳಿ ಎಂದು ಬದುಕಿನ ಪದಗಳಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಸಂಸ್ಕೃತದಿಂದ ಬಂದ ಪದಗಳಲ್ಲಿ ಮಾತ್ರ ಅದು ಬೇಕು, ಅವುಗಳನ್ನು ಕಿವಿಯಿಂದ ಕಲಿಯಲಾಗುವುದಿಲ್ಲ, ಕಣ್ಣಿನಿಂದ ಕಲಿಯಬೇಕು. ಕಿವಿಯಿಂದ ಬರೆಯುವವರು ಎಡವುವುದು ಅಲ್ಲೇ, ಅವರು ಯಾರೇ ಆಗಿರಲಿ.

ನಮ್ಮದೇ ಎನ್ನಬಹುದಾದ ತಪ್ಪು ಬೇರೆ ಉಂಟು. ಶಾಲೆಯಲ್ಲಿ ಜಾಸ್ತಿ ನಗು ಬೀಳುವುದೂ ಅದಕ್ಕೇ.

ಬ್ಯಾರಿ ಮಗು ಒಂದನೇ ಕ್ಲಾಸಿಗೆ ಹೋಗಿ 'ಹಳ್ಳಿ' ಎಂಬುದನ್ನು 'ಹಲ್ಲಿ' ಎಂದು ಬರೆಯುತ್ತದೆ. 'ಅಣ್ಣ ಬಂದ' ಎನ್ನುವುದು 'ಅನ್ನ ಬಂದ' ಆಗುತ್ತದೆ. ಹುಳಿ ಸಾರು ಹುಲಿ ಸಾರಾಗುತ್ತದೆ, ಮೀನು ಕೊಳ್ಳಲು ಹೋದವರು ಮೀನು ಕೊಲ್ಲಲು ಹೋದವರಾಗುತ್ತಾರೆ. 'ಹೇಳು' ಎಂಬಲ್ಲಿ ಳ ಜಾರಿದರೆ ಏನಾಗುತ್ತದೆ ಎಂಬುದನ್ನು ಈ ಪುಟದಲ್ಲಿ ಬರೆಯುವ ಹಾಗಿಲ್ಲ, ಶಾಲೆಗೆ ಹೋದ ಎಲ್ಲರಿಗೂ ಗೊತ್ತುಂಟು. ಇಡೀ ಕ್ಲಾಸು ನಗುತ್ತದೆ. ಟೀಚರ್ ಕೂಡ ಒಮ್ಮೊಮ್ಮೆ ನಗುತ್ತಾರೆ. ಮನೆಗೆ ಬಂದರೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಕಸಿನ್‌ಗಳೂ ನಗುತ್ತಾರೆ.

ಇದು ಎಲ್ಲಿಂದ ಬಂತು? ಮಗುವಿನ ಆಲಸ್ಯದಿಂದ ಬಂದದ್ದಲ್ಲ, ಉಮ್ಮನ ಬಾಯಿಯಿಂದ ಬಂದದ್ದು. ಬ್ಯಾರಿ ಭಾಷೆ ಮಲಯಾಳದ ಹತ್ತಿರದ ಸಂಬಂಧಿ. ಶತಮಾನಗಳಿಂದ ತುಳುವಿನ ನಡುವೆ ಬೆಳೆದದ್ದರಿಂದ ತುಳುವಿನ ಪದಗಳನ್ನೂ ಧ್ವನಿಗಳನ್ನೂ ಧಾರಾಳ ಹೀರಿಕೊಂಡಿದೆ. ಮಲಯಾಳದಲ್ಲಿ ಲ ಬೇರೆ, ಳ ಬೇರೆ. ನ ಬೇರೆ, ಣ ಬೇರೆ. ಬ್ಯಾರಿಯಲ್ಲಿ ಹೆಚ್ಚಿನ ಕಡೆ ಈ ಎರಡೆರಡು ಧ್ವನಿಗಳು ಸೇರಿ ಒಂದೊಂದೇ ಆಗಿವೆ. ಮಲಯಾಳದವರ ಪಳ್ಳಿ ನಮ್ಮ ಬಾಯಲ್ಲಿ ಪಲ್ಲಿ. ಅವರ ಕಣ್ಣ್ ನಮ್ಮ ಕನ್ನ್, ಮಣ್ಣ್ ನಮ್ಮ ಮನ್ನ್. ಪದದ ಮೊದಲಿಗೆ ಬರುವ ವ ನಮ್ಮಲ್ಲಿ ಬ ಆಗಿದೆ, ಕೊನೆಯ ಅ ಎ ಆಗಿದೆ: ಅವರ ತಲ, ನಮ್ಮ ತಲೆ. ಭಾಷಾಶಾಸ್ತ್ರಜ್ಞೆ ಸುಶೀಲಾ ಪಿ. ಉಪಾಧ್ಯಾಯರಂಥವರು ದಶಕಗಳ ಹಿಂದೆಯೇ ಬ್ಯಾರಿ ಭಾಷೆಯನ್ನು ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ನಮ್ಮ ಮನೆಗಳಿಗೆ ಮಾತ್ರ ಆ ವಿಷಯ ಇನ್ನೂ ತಲುಪಿಲ್ಲ. ಅದು ಕೆಟ್ಟುಹೋದ ಮಲಯಾಳವಲ್ಲ, ಕೆಟ್ಟುಹೋದ ಕನ್ನಡ ಮೊದಲೇ ಅಲ್ಲ. ಅದಕ್ಕೆ ಅದರದ್ದೇ ನಿಯಮ ಉಂಟು. ಆ ನಿಯಮದ ಪ್ರಕಾರ ಮಗು ಬರೆದದ್ದು ಸರಿಯೇ. ಕನ್ನಡದ ನಿಯಮ ಬೇರೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ನಗುವುದರಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿದವರಿಲ್ಲ. ನಕ್ಕಿಸಿಕೊಂಡ ಮಗು ಮರುದಿನ ಳ ಕಲಿತು ಬರುವುದಿಲ್ಲ, ಕೈ ಎತ್ತುವುದನ್ನು ನಿಲ್ಲಿಸುತ್ತದೆ. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಒಂಬತ್ತನೇ ಕ್ಲಾಸಿಗೆ ಬರುವಾಗ 'ನನಗೆ ಕನ್ನಡ ಬರುವುದಿಲ್ಲ' ಎಂದು ತಾನೇ ತೀರ್ಮಾನ ಮಾಡಿರುತ್ತದೆ.

ಭಾಷೆ ಗೊತ್ತಿಲ್ಲದ ಮುಜುಗರ ಮನುಷ್ಯನನ್ನು ಎಲ್ಲಿಗೂ ಒಯ್ಯಬಹುದು. ಹರೇಕಳ ಹಾಜಬ್ಬರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ಕ್ರಯ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ. ಆ ಮುಜುಗರದಿಂದ ಹುಟ್ಟಿದ್ದು ನ್ಯೂಪಡ್ಪಿನ ಶಾಲೆ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಎಲ್ಲರೂ ಹಾಜಬ್ಬರಾಗುವುದಿಲ್ಲ; ಹೆಚ್ಚಿನವರು ಮುಜುಗರವಾದ ಕಡೆಗೆ ಮತ್ತೆ ಕಾಲಿಡುವುದೇ ಇಲ್ಲ.

ಹಾಗಾದರೆ ಳ ಕಲಿಸುವುದು ಹೇಗೆ? ಕಷ್ಟವೇನಲ್ಲ, ಮನೆಯಲ್ಲೇ ಆಗುತ್ತದೆ. ನಮ್ಮ ಮಕ್ಕಳಿಗೆ ಟ, ಡ ಚೆನ್ನಾಗಿ ಬರುತ್ತದೆ. ಟ ಹೇಳುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗಳಕ್ಕೆ ತಾಗುತ್ತದೆ. ನಾಲಗೆಯನ್ನು ಅಲ್ಲೇ ನಿಲ್ಲಿಸಿ ಲ ಹೇಳಲು ಹೋದರೆ ಬರುವುದೇ ಳ. ಅಲ್ಲೇ ನಿಲ್ಲಿಸಿ ನ ಹೇಳಲು ಹೋದರೆ ಣ. ಇನ್ನೂ ಸುಲಭ ಬೇಕಾದರೆ 'ಮಂಡೆ' ಎಂದು ನಿಧಾನವಾಗಿ ಹೇಳಿಸಿ. ಡ ಬರುವ ಮೊದಲು ಮೂಗಿನಲ್ಲಿ ಕೇಳುವ ಧ್ವನಿ ಣ ಅಲ್ಲದೆ ಬೇರೆಯಲ್ಲ. ಮಗುವಿಗೆ ಅದು ಮೊದಲೇ ಗೊತ್ತಿತ್ತು, ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಆಮೇಲೆ ಜೋಡಿ ಪದ ಆಟ: ಕಾಲು-ಕಾಳು, ಎಲೆ-ಎಳೆ, ಹುಲಿ-ಹುಳಿ, ಅನ್ನ-ಅಣ್ಣ. ಅಡುಗೆ ಮನೆಯಲ್ಲಿ ಹತ್ತು ನಿಮಿಷ, ಒಂದು ತಿಂಗಳು. ಅಚ್ಚ ಕನ್ನಡ ಪದ ಯಾವುದೂ ಳ ಅಥವಾ ಣದಿಂದ ಶುರುವಾಗುವುದಿಲ್ಲ ಎಂಬುದನ್ನೂ ಹೇಳಿಬಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯಿತು.

ಮನೆಮಾತು ಬೇರೆ ಇದ್ದರೆ ಕನ್ನಡ ಬರುವುದಿಲ್ಲ ಎನ್ನುವವರಿಗೆ ಉತ್ತರ ನಮ್ಮ ಪಕ್ಕದಲ್ಲೇ ಉಂಟು. ಸಾರಾ ಅಬೂಬಕ್ಕರ್ ಕಾಸರಗೋಡಿನ ಮಲಯಾಳ ಮನೆಮಾತಿನವರು. ಕನ್ನಡದಲ್ಲಿ ಓದಿ, ಮಂಗಳೂರಿನಲ್ಲಿ ನೆಲೆಸಿ, 'ಚಂದ್ರಗಿರಿಯ ತೀರದಲ್ಲಿ' ಬರೆದರು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಅವರೂ ಉರ್ದು ಮನೆಯಿಂದ ಕನ್ನಡ ಶಾಲೆಗೆ ಹೋದವರು. ಬೊಳುವಾರು ಮಹಮದ್ ಕುಂಞಿಯವರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕಾದಂಬರಿಯ ಹೆಸರಿನಲ್ಲೇ ಕನ್ನಡಿಗರು ಅತಿ ಹೆಚ್ಚು ಎಡವುವ ಪದ ಕೂತಿದೆ: 'ಸ್ವಾತಂತ್ರ್ಯದ ಓಟ'.

ಇನ್ನೊಂದು ದಾರಿಯನ್ನು ಹೇಳಿದವರೂ ಇದ್ದಾರೆ. ನಮ್ಮ ಜಿಲ್ಲೆಯ ಪುತ್ತೂರು ಕಡೆಯವರೇ ಆದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು, ಮಾತಿನಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲಿ ಯಾಕೆ ಬೇಕು ಎಂದು ಕೇಳಿದರು. 'ಕನ್ನಡ ಬರಹವನ್ನು ಸರಿಪಡಿಸೋಣ' ಎಂದು ಪುಸ್ತಕವನ್ನೇ ಬರೆದರು. ತಮ್ಮ ಹೆಸರಿನ ಭಟ್ಟನ್ನೂ 'ಬಟ್' ಎಂದು ಬರೆದುಕೊಂಡ ಧೈರ್ಯ ಅವರದ್ದು. ಅವರ ವಾದದಲ್ಲಿ ಹುರುಳುಂಟು. ಆದರೆ ನಮ್ಮ ಮಕ್ಕಳು ಅದನ್ನು ನಂಬಿ ಎಸ್ಸೆಸ್ಸೆಲ್ಸಿ ಪೇಪರ್ ಬರೆದರೆ ಅಂಕ ಕೊಡುವವರು ಯಾರು? ದೊಡ್ಡ ವಿದ್ವಾಂಸರು ಬಿಟ್ಟರೆ ಅದು ಸುಧಾರಣೆ, ಬ್ಯಾರಿ ಹುಡುಗ ಬಿಟ್ಟರೆ ಅದು ತಪ್ಪು. ಸದ್ಯಕ್ಕೆ ಲೋಕ ಇರುವುದು ಹೀಗೆ. ಹಾಗಾಗಿ ಹೊಟ್ಟೆ ಸೀಳಬೇಕಾದಲ್ಲಿ ಸೀಳಿ ಬರೆಯುವುದೇ ಒಳ್ಳೆಯದು.

ಖ ವಿಷಯದಲ್ಲಿ ಮಾತ್ರ ನಮ್ಮವರದ್ದು ಸ್ವಲ್ಪ ಅತಿಯಾಯಿತು. ಮಹಾಪ್ರಾಣ ಹಾಕಿದರೆ ಹೆಸರಿಗೆ ತೂಕ ಬರುತ್ತದೆ ಎಂದು ಯಾರೋ ತಲೆಗೆ ಹಾಕಿದ್ದಾರೆ. ಅಜ್ಜಂದಿರು ಕಾದರ್ ಆಗಿದ್ದರು, ಮೊಮ್ಮಕ್ಕಳು ಖಾದರ್. ಅರಬಿಯಲ್ಲಿ ಆ ಹೆಸರಿನ ಮೊದಲ ಅಕ್ಷರ ಕಾಫ್, ಗಂಟಲಿನ ಒಳಗಿನಿಂದ ಬರುವ ಕ. ಅದರಲ್ಲಿ ಖದ ಉಸಿರು ಇಲ್ಲ. ಲೆಕ್ಕ ಹಾಕಿದರೆ ಅಜ್ಜನ ಕಾದರ್ ಅರಬಿಗೆ ಹೆಚ್ಚು ಹತ್ತಿರ. ಕಾಝಿ, ಕುರ್‌ಆನ್ ಎಂಬ ಪದಗಳದ್ದೂ ಇದೇ ಕಥೆ. ಖದೀಜ, ಖಾಲಿದ್ ಎಂಬ ಹೆಸರುಗಳಲ್ಲಿ ಇರುವುದು ಬೇರೆ ಅಕ್ಷರ, ಅಲ್ಲಿ ಖ ಹಾಕುವುದು ಸರಿ. ಮದ್ರಸದಲ್ಲಿ ಐದು ವರ್ಷ ಕೂತ ಮಗುವಿಗೂ ಕಾಫ್ ಬೇರೆ, ಖಾ ಬೇರೆ ಎಂದು ಗೊತ್ತುಂಟು. ಕನ್ನಡದಲ್ಲಿ ಬರೆಯುವಾಗ ಉಸ್ತಾದರು ಕಲಿಸಿದ್ದು ಮರೆತುಹೋಗುತ್ತದೆ. ಝ ಕೂಡ ಹೀಗೇ ನಮ್ಮ ಕಡೆಯ ರೂಢಿ. ಕರಾವಳಿಯ ಮುಸ್ಲಿಂ ಪ್ರಕಟಣೆಗಳು ನಮಾಝ್, ಝಕಾತ್, ರಮಝಾನ್ ಎಂದು ಬರೆಯುತ್ತವೆ, ಉಳಿದವರು ನಮಾಜ್, ಜಕಾತ್, ರಂಜಾನ್ ಎನ್ನುತ್ತಾರೆ. ಕನ್ನಡದಲ್ಲಿ ಆ ಅರಬಿ ಧ್ವನಿಗೆ ಸ್ವಂತ ಅಕ್ಷರವಿಲ್ಲ, ಎರಡೂ ಹೊಂದಾಣಿಕೆಯೇ. ಇದಕ್ಕಾಗಿ ಸಂಪಾದಕರಿಗೆ ಸಿಟ್ಟಿನ ಕಾಗದ ಬರೆಯುವವರನ್ನು ಕಂಡರೆ ಬಶೀರರ 'ಪಾತುಮ್ಮಾಳ ಆಡು' ನೆನಪಾಗುತ್ತದೆ. ಅದರಲ್ಲಿ ತಮ್ಮ ಅಬ್ದುಲ್ ಖಾದರ್ ಅಣ್ಣನ ಕಥೆ ಓದಿ ವ್ಯಾಕರಣ ಸರಿಯಿಲ್ಲವೆಂದು ಪಾಠ ಮಾಡಲು ಬರುತ್ತಾನೆ. ಅಣ್ಣ ಅವನನ್ನೂ ಅವನ ವ್ಯಾಕರಣವನ್ನೂ ಒಟ್ಟಿಗೆ ಝಾಡಿಸುತ್ತಾರೆ. ವ್ಯಾಕರಣ ಅಲ್ಲಿ ಸೋತಿತು, ಮಲಯಾಳ ಗೆದ್ದಿತು.

ಪರಭಾಷೆಯ ಪದವನ್ನು ತನ್ನ ಬಾಯಿಗೆ ಹೊಂದಿಸಿಕೊಳ್ಳುವುದು ಎಲ್ಲ ಭಾಷೆಗಳ ಹಕ್ಕು. ಈ 'ಹಕ್ಕು' ಕೂಡ ಅರಬಿಯ ಹಕ್ಕ್; ಕನ್ನಡ ಅದಕ್ಕೆ ಒಂದು ಉ ಸೇರಿಸಿ ತನ್ನದು ಮಾಡಿಕೊಂಡಿತು, ಯಾರೂ ಕೆಂಪು ವೃತ್ತ ಎಳೆಯಲಿಲ್ಲ. ವಕೀಲ, ಅರ್ಜಿ, ದಾಖಲೆ, ತಕರಾರು ಎಲ್ಲ ಅದೇ ದಾರಿಯಲ್ಲಿ ಬಂದವು. ಪಹಣಿಯಲ್ಲಿ ತಂದೆಯ ಹೆಸರಿನ ಮೊದಲು ಬರುವ 'ಬಿನ್' ಅರಬಿಯದ್ದು. ಕರ್ನಾಟಕದ ಎಲ್ಲ ಜಾತಿಯ ರೈತರೂ ಕಂದಾಯ ದಾಖಲೆಯಲ್ಲಿ ಅದನ್ನು ಹೊತ್ತಿದ್ದಾರೆ. ಎರಡು ಹೆಸರಿನ ಮನುಷ್ಯನಿಗೆ ಕಚೇರಿಯವರು ಹಾಕುವ 'ಯಾನೆ' ಕೂಡ ಅರಬಿಯ ಯಅನಿಯಿಂದ ಬಂದದ್ದು. ಹಾಗಿರುವಾಗ ಫಾತಿಮಾಳನ್ನು ಪಾತುಮ್ಮ, ಮುಹಮ್ಮದನನ್ನು ಮಮ್ಮದೆ, ಆಯಿಶಾಳನ್ನು ಐಸಮ್ಮ ಮಾಡಿದ ನಮ್ಮ ಅಜ್ಜಿಯರು ಯಾವ ತಪ್ಪು ಮಾಡಿದರು?

ಮಾತಿನಲ್ಲಿ ಏನೂ ಇಲ್ಲ. ತೊಂದರೆ ಶುರುವಾಗುವುದು ಆ ಹೆಸರು ಕಾಗದಕ್ಕೆ ಇಳಿದಾಗ. ಇಲ್ಲಿಂದ ಮುಂದಿನದ್ದು ನಗುವ ವಿಷಯವಲ್ಲ, ಆದರೂ ಹಾರ್ಧಿಕಕ್ಕೆ ಬರುವ ಸಿಟ್ಟಿನ ಕಾಲುಭಾಗವೂ ಇದಕ್ಕೆ ಬರುವುದಿಲ್ಲ.

ಮುಹಮ್ಮದ್ ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಸ್ವರಕ್ಕೆ ಯು ಅಥವಾ ಒ, ನಡುವಿನ ಎಂ ಒಂದು ಅಥವಾ ಎರಡು, ಕೊನೆಯ ಸ್ವರಕ್ಕೆ ಎ ಅಥವಾ ಇ. ಎರಡೆರಡರಂತೆ ಗುಣಿಸಿದರೆ 8 ರೂಪ. ಎಂಡಿ ಎಂಬ ಚುಟುಕು ಬೇರೆ. ಕನ್ನಡದಲ್ಲಿ ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಮಹಮದ್. ಒಬ್ಬನೇ ಮನುಷ್ಯ ಶಾಲೆಯಲ್ಲಿ ಒಂದು, ರೇಶನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಮನೆಯವರಿಗೆ ಎಲ್ಲವೂ ಒಂದೇ, ಕಂಪ್ಯೂಟರಿಗೆ ಮಾತ್ರ ಅವರು ನಾಲ್ಕು ಜನ. ಹುಸೈನ್ ಉಸೈನಾರ್ ಆಗಿ, ಹಸನ್ ಅಸೈನಾರ್ ಆಗಿ, ಅಬೂಬಕರ್ ಅಬ್ಬು ಆಗಿ ಪಹಣಿಯಲ್ಲಿ ಕೂತಿರುತ್ತಾರೆ. ಅವರು ತೀರಿಕೊಂಡ ಮೇಲೆ ಮಕ್ಕಳು ಜಾಗ ತಮ್ಮ ಹೆಸರಿಗೆ ಮಾಡಿಸಲು ಹೋದಾಗ 'ಈ ಅಬ್ಬು ಯಾರು?' ಎಂಬ ಪ್ರಶ್ನೆ ಬರುತ್ತದೆ. ಆಗ ಅಫಿಡವಿಟ್, ಆಗ ಯಾನೆ, ಆಗ ವಂಶವೃಕ್ಷ, ಆಗ ಮತ್ತೊಮ್ಮೆ ನಾಳೆ ಬನ್ನಿ.

ಹೆಂಗಸರ ಹೆಸರಿಗೆ ಇನ್ನೂ ಕಷ್ಟ. ಬೀಫಾತಿಮಾ ಎಂಬುದು ಒಂದೇ ಹೆಸರು. ಬರೆಯುವವರು ಅದನ್ನು ಮುರಿದು 'ಬಿ. ಫಾತಿಮಾ' ಮಾಡುತ್ತಾರೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿ ಅಂದರೆ ಏನು ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು? ಬಿ ಅಂದರೆ ಬೀ, ಅಷ್ಟೆ! ಕತೀಜಮ್ಮ ಒಂದು ಕಡೆ ಖತೀಜಾ, ಇನ್ನೊಂದು ಕಡೆ ಕೈಜಮ್ಮ. ಗಂಡ ಗಲ್ಫಿನಲ್ಲಿ ತೀರಿಕೊಂಡು ಅಲ್ಲಿಂದ ಬರಬೇಕಾದ ಹಣಕ್ಕೆ ಹೆಂಡತಿ ಅರ್ಜಿ ಹಾಕುವ ಹೊತ್ತಿಗೆ ಅವನ ಪಾಸ್‌ಪೋರ್ಟಿನಲ್ಲಿ ಬರೆದ ಹೆಂಡತಿಯ ಹೆಸರು ಮತ್ತು ಇವಳ ಆಧಾರ್ ಕಾರ್ಡಿನ ಹೆಸರು ಬೇರೆ ಬೇರೆಯಾಗಿದ್ದರೆ, ಇದ್ದತ್‌ನಲ್ಲಿ ಕೂತ ಹೆಣ್ಣು ತಾನು ತಾನೇ ಎಂದು ಸಾಬೀತು ಮಾಡಬೇಕು.

ಗಲ್ಫಿನವರು ಇನ್ನೊಂದು ಗಂಟು ಹಾಕಿದರು. 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ ಎಂಬ ನಿಯಮ ಬಂತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಸಡಿಲಿಸಿದರು. ನಮ್ಮಲ್ಲಿ ಸರ್‌ನೇಮ್ ಎಂಬುದು ಎಲ್ಲಿತ್ತು? ಊರಿನ ಹೆಸರಿನ ಒಂದು ಅಕ್ಷರ, ತಂದೆಯ ಹೆಸರಿನ ಒಂದು ಅಕ್ಷರ, ಆಮೇಲೆ ತನ್ನ ಹೆಸರು. ಮಂಗಳೂರಿನಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು.

ಕುಂಞಿಯ ಕಥೆ ಬೇರೆಯೇ ಹೇಳಬೇಕು. ಕನ್ನಡ ಮಕ್ಕಳು ಞ ಅಕ್ಷರವನ್ನು ವರ್ಣಮಾಲೆಯ ಚಾರ್ಟಿನಲ್ಲಿ ಒಮ್ಮೆ ಬರೆದು ಜೀವಮಾನಕ್ಕೆ ಮರೆತುಬಿಡುತ್ತಾರೆ. ಅದು ಒಂಟಿಯಾಗಿ, ನಿತ್ಯದ ಬಳಕೆಯಲ್ಲಿ ಜೀವಂತವಾಗಿ ಉಳಿದಿರುವುದು ನಮ್ಮ ಹೆಸರುಗಳಲ್ಲಿ: ಕುಂಞಿ, ಕುಂಞಮೋನು, ಮಹಮದ್ ಕುಂಞಿ. ಕುಂಞಿ ಅಂದರೆ ಚಿಕ್ಕದು, ಮುದ್ದಿನದ್ದು. ಇಂಗ್ಲಿಷಿನಲ್ಲಿ ಈ ಧ್ವನಿಗೆ ಅಕ್ಷರವಿಲ್ಲ. ಕರಾವಳಿಯಲ್ಲಿ ಎನ್ ಮತ್ತು ಎಚ್ ಒಟ್ಟಿಗೆ ಬರೆಯುವ ರೂಢಿ. ಪೋರ್ಚುಗೀಸರ ಬರಹದಲ್ಲೂ ಆ ಜೋಡಿಗೆ ಇದೇ ಧ್ವನಿ. ಬೆಂಗಳೂರಿನ ಗುಮಾಸ್ತರಿಗೆ ಇದು ಎಲ್ಲಿ ಗೊತ್ತು? ಅವರು ನೋಡಿದ ಹಾಗೆ ಓದುತ್ತಾರೆ: ಕುನ್ಹಿ. ಯಂತ್ರವೂ ಹಾಗೇ ಓದುತ್ತದೆ. ಆಧಾರ್ ನೋಂದಣಿಯಲ್ಲಿ ಇಂಗ್ಲಿಷ್ ಹೆಸರು ಟೈಪ್ ಮಾಡಿದರೆ ಕನ್ನಡ ತಾನೇ ಬೀಳುತ್ತದೆ, ಕುಂಞಿ ಕುನ್ಹಿ ಆಗಿ ಅಚ್ಚಾಗುತ್ತಾರೆ. ಉಳ್ಳಾಲ ಉಲ್ಲಾಲವಾಗುವುದು, ಬಂಟ್ವಾಳ ಬಂಟ್ವಾಲವಾಗುವುದು, ಕಾಟಿಪಳ್ಳ ಕಾಟಿಪಲ್ಲವಾಗುವುದೂ ಹೀಗೆಯೇ. ಇಂಗ್ಲಿಷಿನ ಎಲ್ ಅಕ್ಷರಕ್ಕೆ ಲ ಯಾವುದು, ಳ ಯಾವುದು ಎಂಬ ಭೇದ ಗೊತ್ತಿಲ್ಲ. ಹಲ್ಲಿ ಎಂದು ಬರೆದ ಮಗುವಿಗೆ ನಕ್ಕವರು ಈ ಯಂತ್ರಕ್ಕೂ ನಗಬೇಕಿತ್ತು.

ಊರಿನ ಹೆಸರಿಗಾದರೆ ಸರಕಾರ ಉಂಟು. ಇಂಗ್ಲಿಷಿನಲ್ಲೂ ಮಂಗಳೂರು ಎಂದೇ ಬರೆಯಬೇಕೆಂದು 2014ರ ನವೆಂಬರ್ 1ರಿಂದ ಜಾರಿಯಾಯಿತು. ನಾವು ಬ್ಯಾರಿಯಲ್ಲಿ ಅದನ್ನು ಮೈಕಾಲ ಎನ್ನುತ್ತೇವೆ, ತುಳುವರು ಕುಡ್ಲ ಎನ್ನುತ್ತಾರೆ, ಆ ಮಾತು ಬೇರೆ. ಸಮುದಾಯದ ಹೆಸರಿಗೂ ಎರಡು ದಾರಿ ಉಂಟು. ಕನ್ನಡದಲ್ಲಿ ಬ್ಯಾರಿ ಒಂದೇ. ಇಂಗ್ಲಿಷಿನಲ್ಲಿ ನಾವು ಬಿ-ಇ-ಎ-ಆರ್-ವೈ ಎಂದು ಬರೆದುಕೊಳ್ಳುತ್ತೇವೆ, ಆದರೆ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಸ್ವರ್ಣಕಮಲ ಹಂಚಿಕೊಂಡ ಸಿನಿಮಾ ಬಿ-ವೈ-ಎ-ಆರ್-ಐ ಎಂದು ಬರೆದುಕೊಂಡಿತು. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಬ್ಯಾರಿಗೆಂದೇ ಲಿಪಿಯೂ ಬಂತು. ಭಾಷೆಗೆ ಅಕಾಡೆಮಿ ಉಂಟು, ಊರಿಗೆ ಗೆಜೆಟ್ ಉಂಟು. ಒಬ್ಬ ಬಡ ಅಬ್ಬುವಿನ ಹೆಸರಿಗೆ ಅವನ ಮನೆಯವರೇ ಗತಿ.

ಮನೆಯವರು ಮಾಡಬಹುದಾದದ್ದು ಸಾಕಷ್ಟು ಉಂಟು. ಆಧಾರ್ ಕೇಂದ್ರದಲ್ಲಿ ನೋಂದಣಿ ಮಾಡುವಾಗ ಸ್ಕ್ರೀನ್ ನಮ್ಮ ಕಡೆಗೆ ತಿರುಗಿಸಿ ತೋರಿಸಬೇಕು. ಆಗ ಇಂಗ್ಲಿಷ್ ಒಂದೇ ನೋಡಿ ತಲೆ ಅಲ್ಲಾಡಿಸಬೇಡಿ, ಕೆಳಗಿನ ಕನ್ನಡವನ್ನೂ ಓದಿ. ಕುನ್ಹಿ ಎಂದಿದ್ದರೆ ಅಲ್ಲೇ ಸರಿ ಮಾಡಿಸಿ. ಹಿಂದೆ ಸಾಲು ಉದ್ದ ಉಂಟು ಎಂದು ಅವಸರ ಮಾಡುವವರು ಇರುತ್ತಾರೆ, ಮಾಡಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಮೊದಲ ತಿದ್ದುಪಡಿಯನ್ನು ಪುನಃ ತಪ್ಪಾಗಿ ಮಾಡಿಸಿದರೆ ಉಳಿಯುವುದು ಒಂದೇ. ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಬೇಕಾದರೂ ಎರಡರಲ್ಲೂ ಹೆಸರು ಹೊಂದಬೇಕು. ಹತ್ತನೇ ಕ್ಲಾಸಿನ ಮಕ್ಕಳಿಂದ ಅಂಕಪಟ್ಟಿಗಾಗಿ ಹೆಸರು ಬರೆಸಿಕೊಳ್ಳುವಾಗ ತಂದೆ ತಾಯಿಯರ ಹೆಸರಿನ ಕಾಲಂ ಕೂಡ ಇರುತ್ತದೆ. ಅದನ್ನು ಮಗುವಿನ ನೆನಪಿಗೆ ಬಿಟ್ಟರೆ ಅದು ಮನೆಯಲ್ಲಿ ಕರೆಯುವ ಹೆಸರು ಬರೆದು ಬರುತ್ತದೆ. ಒಂದು ಕಾಗದದಲ್ಲಿ ಮನೆಯ ಎಲ್ಲರ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ, ಅಕ್ಷರಕ್ಕೆ ಅಕ್ಷರ, ಎರಡೂ ಭಾಷೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಟ್ಟವರ ಮನೆ ನೋಡಿದ್ದೇನೆ. ಆ ಮನೆಯಲ್ಲಿ ಫಾರ್ಮ್ ತುಂಬುವುದು ಐದು ನಿಮಿಷದ ಕೆಲಸ.

ಎಲ್ಲಕ್ಕಿಂತ ಮೊದಲಿನದ್ದು ಜನನ ಪ್ರಮಾಣಪತ್ರ. 2023ರಲ್ಲಿ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಬಂದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಆ ದಿನ ಮತ್ತು ಅನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಅದೇ ದಾಖಲೆ. ಪಾಸ್‌ಪೋರ್ಟಿಗೆ ಆ ಮಕ್ಕಳ ಹುಟ್ಟಿದ ದಿನದ ಪುರಾವೆಯಾಗಿ ಬೇರೆ ಯಾವುದೂ ನಡೆಯುವುದಿಲ್ಲ. ಹುಟ್ಟಿದ 21 ದಿನಗಳೊಳಗೆ ನೋಂದಣಿಯಾಗಬೇಕು, ಆದರೆ ಮಗುವಿನ ಹೆಸರನ್ನು ಅವತ್ತೇ ಕೊಡಬೇಕೆಂದಿಲ್ಲ. ಆಮೇಲೆ ಸೇರಿಸಲು ಅವಕಾಶ ಉಂಟು. ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಯಾವುದೋ ಸ್ಪೆಲ್ಲಿಂಗ್ ಹೇಳಿ ಬರುವುದಕ್ಕಿಂತ, ಅಖೀಖದ ದಿನ ಮನೆಯ ಹಿರಿಯರು ಕೂತು ಹೆಸರು ನಿಶ್ಚಯಿಸುವಾಗ ಅದರ ಕನ್ನಡ ಯಾವುದು, ಇಂಗ್ಲಿಷ್ ಯಾವುದು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ನೋಂದಣಿ ಕಚೇರಿಗೆ ಹೋಗಬಹುದು. ಕುಂಞಿ ಎಂದು ಇಡುವುದಾದರೆ ಞ ಸಮೇತ. ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಅದು ಚ ವರ್ಗದ ಕೊನೆಯಲ್ಲಿ, ಝ ಪಕ್ಕದಲ್ಲಿ ಸಿಗುತ್ತದೆ.